ಟೊರಾಂಟೊ ನಗರದ ಆಡಳಿತ: ಯಾರ ಕೈಯಲ್ಲಿ, ಎಷ್ಟು?

(ಕನ್ನಡ ಸಂಘದ ಸದಸ್ಯರ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಒಟ್ಟಾವದಲ್ಲಿ ಪ್ರಧಾನಿ ಯಾರೆಂಬುದನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಬೆಂಗಳೂರಿನ ವಿಧಾನಸೌಧದಲ್ಲಿ ಯಾರ ಕುರ್ಚಿ ಅಲುಗಾಡುತ್ತಿದೆ ಎಂಬುದನ್ನು ನಾವು ಅದಕ್ಕಿಂತಲೂ ವಿವರವಾಗಿ ಬಲ್ಲೆವು. ಆದರೆ ನಮ್ಮ ಬೀದಿಯ ಹಿಮವನ್ನು ತೆಗೆಸುವ, ನಲ್ಲಿಗೆ ನೀರನ್ನು ಹರಿಸುವ, ಕಸವನ್ನು ಒಯ್ಯುವ, ಮಕ್ಕಳು ಪುಸ್ತಕ ತರುವ ಗ್ರಂಥಾಲಯವನ್ನು ನಡೆಸುವ ಪೌರಸಭೆಯಲ್ಲಿ ನಮ್ಮ ವಾರ್ಡನ್ನು ಪ್ರತಿನಿಧಿಸುವವರ ಹೆಸರೇನೆಂದು ಕೇಳಿದರೆ ಕೂಟದಲ್ಲಿ ಮೌನ ಕವಿಯುತ್ತದೆ. ಇದು ನಮ್ಮವರಲ್ಲಿ ಮಾತ್ರ ಕಾಣುವ ಉದಾಸೀನವಲ್ಲ. 2022ರ ಅಕ್ಟೋಬರಿನಲ್ಲಿ ನಡೆದ ನಗರ ಚುನಾವಣೆಯಲ್ಲಿ ಮತ ಚಲಾಯಿಸಿದವರ ಪ್ರಮಾಣ ಶೇಕಡಾ 30ನ್ನೂ ಮುಟ್ಟಲಿಲ್ಲ.

ಪೌರಸಭೆಯ ರಚನೆ ಸರಳವಾದುದು. ನಗರವನ್ನು 25 ವಾರ್ಡುಗಳಾಗಿ ವಿಂಗಡಿಸಲಾಗಿದೆ. ವಾರ್ಡಿಗೊಬ್ಬ ಸದಸ್ಯ, ಇಡೀ ನಗರಕ್ಕೆ ಒಬ್ಬ ಮೇಯರ್, ಒಟ್ಟು 26 ಮತಗಳ ಸಭೆ. ನಾಲ್ಕು ವರ್ಷಕ್ಕೊಮ್ಮೆ, 2018, 2022, 2026 ಹೀಗೆ, ಅಕ್ಟೋಬರ್ ತಿಂಗಳ ನಾಲ್ಕನೆಯ ಸೋಮವಾರ ಚುನಾವಣೆ. ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಬೆಂಗಳೂರಿನಲ್ಲಿ ವರ್ಷಕ್ಕೊಬ್ಬ ಮೇಯರನ್ನು ಕಂಡವರಿಗೆ, ಅವರು ಊರನ್ನು ಅರಿತುಕೊಳ್ಳುವಷ್ಟರಲ್ಲಿ ಅವಧಿ ಮುಗಿಯುತ್ತಿದ್ದುದನ್ನು ನೋಡಿದವರಿಗೆ, ಈ ವ್ಯತ್ಯಾಸದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತಪತ್ರದಲ್ಲಿ ಪಕ್ಷದ ಹೆಸರಾಗಲಿ ಚಿಹ್ನೆಯಾಗಲಿ ಇರುವುದಿಲ್ಲ. ಅಭ್ಯರ್ಥಿಯ ಒಲವು ಯಾವ ಕಡೆಗೆಂದು ಪತ್ರಿಕೆ ಓದುವವರಿಗೆ ತಿಳಿದೇ ಇರುತ್ತದೆ, ಆ ಮಾತು ಬೇರೆ. ಆದರೆ ಕಾನೂನಿನ ಕಣ್ಣಿಗೆ ಪ್ರತಿಯೊಬ್ಬರೂ ಒಂಟಿ ಸ್ಪರ್ಧಿ. ಇಪ್ಪತ್ತೈದು ಜನ ಮತದಾರರ ಸಹಿ ಮತ್ತು ಅಲ್ಪ ಠೇವಣಿ ಇದ್ದರೆ ಕಣಕ್ಕಿಳಿಯಬಹುದು. 2023ರ ಜೂನ್ 26ರಂದು ನಡೆದ ಮೇಯರ್ ಉಪಚುನಾವಣೆಯಲ್ಲಿ 102 ಮಂದಿ ಸ್ಪರ್ಧಿಸಿದ್ದರು. ಹಾಂಗ್‌ಕಾಂಗಿನಲ್ಲಿ ಹುಟ್ಟಿ ಹದಿಮೂರನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದ ಒಲಿವಿಯಾ ಚೌ ಸುಮಾರು ಶೇಕಡಾ 37ರಷ್ಟು ಮತ ಪಡೆದು ಗೆದ್ದರು. ಅತಿ ಹೆಚ್ಚು ಮತ ಪಡೆದವರೇ ವಿಜೇತರಾಗುವ ಪದ್ಧತಿಯಲ್ಲಿ ಅಷ್ಟೇ ಸಾಕಾಯಿತು.

ಇಷ್ಟು ಹೇಳಿದರೆ ಚಿತ್ರ ಪೂರ್ಣವಾದಂತೆ ತೋರಬಹುದು. ಆದರೆ ಈ ಸಭೆಯಲ್ಲಿ ಎಷ್ಟು ಜನರಿರಬೇಕು, ಅದರ ಅಧಿಕಾರವೇನು, ನಗರದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ನಿರ್ಧರಿಸುವವರು ಟೊರಾಂಟೊ ನಾಗರಿಕರಲ್ಲ, ಒಂಟಾರಿಯೋ ಪ್ರಾಂತ್ಯದ ಸರ್ಕಾರ. 1867ರ ಸಂವಿಧಾನ ಕಾಯಿದೆಯು ಪೌರಸಂಸ್ಥೆಗಳನ್ನು ಪ್ರಾಂತ್ಯಗಳ ಅಧೀನಕ್ಕೆ ಒಪ್ಪಿಸಿಬಿಟ್ಟಿತು. ಅಂದಿನಿಂದ ನಗರವೆಂಬುದು ಪ್ರಾಂತ್ಯದ ಶಾಸನದಿಂದ ಹುಟ್ಟಿದ ಕೂಸು. ಹೆತ್ತವರು ತಮ್ಮ ಹಕ್ಕನ್ನು ಚಲಾಯಿಸಲು ಎಂದೂ ಸಂಕೋಚಪಟ್ಟಿಲ್ಲ.

ಎರಡು ನಿದರ್ಶನಗಳನ್ನು ನೋಡೋಣ. ಇಂದು ನಾವು ಟೊರಾಂಟೊ ಎನ್ನುವ ಊರು 1997ರವರೆಗೆ ಆರು ಪೌರಸಭೆಗಳ ಸಮೂಹವಾಗಿತ್ತು: ಹಳೆಯ ಟೊರಾಂಟೊ, ನಾರ್ತ್ ಯಾರ್ಕ್, ಸ್ಕಾರ್ಬರೋ, ಇಟೋಬಿಕೋ, ಯಾರ್ಕ್ ಮತ್ತು ಈಸ್ಟ್ ಯಾರ್ಕ್. ಇವೆಲ್ಲದರ ಮೇಲೆ 1954ರಿಂದ ಮೆಟ್ರೋ ಎಂಬ ಸಮಾನ ಸಭೆಯೊಂದಿತ್ತು. ಇವನ್ನೆಲ್ಲ ಒಂದುಗೂಡಿಸಿದರೆ ಖರ್ಚು ಉಳಿಯುತ್ತದೆ ಎಂದು ಅಂದಿನ ಮೈಕ್ ಹ್ಯಾರಿಸ್ ಸರ್ಕಾರ ವಾದಿಸಿತು. 1997ರ ಮಾರ್ಚಿನಲ್ಲಿ ಈ ನಗರಗಳು ಜನಮತಗಣನೆ ನಡೆಸಿದಾಗ ಮತ ಹಾಕಿದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಬೇಡವೆಂದರು. 1998ರ ಜನವರಿ 1ರಂದು ವಿಲೀನ ನಡೆದೇ ಹೋಯಿತು.

ಎರಡನೆಯದು ಇನ್ನೂ ವಿಚಿತ್ರ. 2018ರಲ್ಲಿ 47 ವಾರ್ಡುಗಳಿಗೆ ಚುನಾವಣೆ ನಡೆಯಬೇಕಾಗಿತ್ತು. ಅಭ್ಯರ್ಥಿಗಳು ಮನೆಮನೆಯ ಬಾಗಿಲು ತಟ್ಟುತ್ತಿದ್ದರು. ನಾಮಪತ್ರದ ಕೊನೆಯ ದಿನವಾದ ಜುಲೈ 27ರಂದೇ, ವಾರ್ಡುಗಳನ್ನು 25ಕ್ಕೆ ಇಳಿಸುವುದಾಗಿ ಪ್ರೀಮಿಯರ್ ಡಗ್ ಫೋರ್ಡ್ ಘೋಷಿಸಿದರು. ಅವರು ಅದೇ ಪೌರಸಭೆಯ ಮಾಜಿ ಸದಸ್ಯರು, 2014ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ಸೋತವರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಅಕ್ಟೋಬರ್ 1ರಂದು ಐವರು ನ್ಯಾಯಮೂರ್ತಿಗಳು ಪ್ರಾಂತ್ಯದ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು. ಅಂತೂ 2021ರ ಜನಗಣತಿಯಂತೆ ಸುಮಾರು 28 ಲಕ್ಷ ಜನರಿರುವ ಊರಿನಲ್ಲಿ ಒಬ್ಬ ಸದಸ್ಯನ ಪಾಲಿಗೆ ಒಂದು ಲಕ್ಷಕ್ಕೂ ಮೀರಿದ ಜನ. ದೂರವಾಣಿ ಕರೆಗೆ ಉತ್ತರ ತಡವಾಗಿ ಬಂದರೆ ಕಾರಣವೇನೆಂದು ಇದರಿಂದ ಊಹಿಸಬಹುದು.

ನಮ್ಮ ಕಡೆಯ ಕಥೆ ಇದಕ್ಕಿಂತ ಭಿನ್ನವಲ್ಲ. 2007ರಲ್ಲಿ ಸುತ್ತಲಿನ ಪುರಸಭೆಗಳನ್ನೂ ನೂರಕ್ಕೂ ಮಿಕ್ಕಿದ ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದ್ದು ರಾಜ್ಯ ಸರ್ಕಾರ. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದದ್ದೂ ರಾಜ್ಯ ಸರ್ಕಾರವೇ. 2020ರ ಸೆಪ್ಟೆಂಬರಿನಿಂದ ಆ ವಿಭಜನೆಯವರೆಗೆ ಐದು ವರ್ಷ ಆ ಮಹಾನಗರಕ್ಕೆ ಚುನಾಯಿತ ಸಭೆಯೇ ಇರಲಿಲ್ಲ, ಅಧಿಕಾರಿಗಳೇ ಆಳಿದರು. ಟೊರಾಂಟೊದಲ್ಲಿ ವಾರ್ಡುಗಳು ಅರ್ಧವಾದರೂ ಚುನಾವಣೆ ನಿಗದಿತ ದಿನವೇ ನಡೆಯಿತು. ಎರಡು ಊರುಗಳನ್ನು ಬಲ್ಲ ನಾವು ಈ ಅಂತರವನ್ನು ಗಮನಿಸದೆ ಇರಲಾರೆವು.

ಇನ್ನು ಮೇಯರ್ ಅಧಿಕಾರದ ವಿಚಾರ. 2022ರವರೆಗೆ ಮೇಯರ್ ಎಂದರೆ ಬಹುಪಾಲು ಮಾತಿನ ಬಲವುಳ್ಳವರು. ಸಭೆಯಲ್ಲಿ ಅವರದೂ ಒಂದೇ ಮತ. ಆ ವರ್ಷ ಪ್ರಾಂತ್ಯವು ಮನೆಗಳ ನಿರ್ಮಾಣವನ್ನು ತ್ವರಿತಗೊಳಿಸುವ ನೆಪದಿಂದ ಅವರ ಕೈಗೆ ಹೊಸ ಅಸ್ತ್ರಗಳನ್ನಿತ್ತಿತು. ಆಯವ್ಯಯವನ್ನು ಮಂಡಿಸುವವರು ಈಗ ಮೇಯರ್. ಸಭೆ ತಿದ್ದಬಹುದು, ಆ ತಿದ್ದುಪಡಿಯನ್ನು ಅವರು ತಡೆಹಿಡಿಯಬಹುದು, ಆ ತಡೆಯನ್ನು ಮುರಿಯಲು ಸಭೆಯ ಮೂರರಲ್ಲಿ ಎರಡು ಪಾಲು ಮತ ಬೇಕು. ನಗರದ ಮುಖ್ಯ ಆಡಳಿತಾಧಿಕಾರಿಯ ನೇಮಕವೂ ಅವರದೇ. ಪ್ರಾಂತ್ಯದ ಆದ್ಯತೆಗೆ ಸಂಬಂಧಿಸಿದ ಉಪವಿಧಿಗಳನ್ನಂತೂ ಸಭೆಯ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಮತಗಳಿಂದಲೇ ಅಂಗೀಕರಿಸಬಹುದಾಗಿದೆ. ಅಲ್ಪಮತದವರು ಗೆಲ್ಲುವ ಸಭೆಯನ್ನು ಪ್ರಜಾಪ್ರಭುತ್ವದ ನಿಘಂಟಿನಲ್ಲಿ ಏನೆನ್ನಬೇಕೋ ನಮಗೆ ತೋಚದು.

ಅಧಿಕಾರ ಹೆಚ್ಚಿದರೂ ಥೈಲಿ ಹೆಚ್ಚಲಿಲ್ಲ. ನಗರವು ವರಮಾನ ತೆರಿಗೆಯನ್ನಾಗಲಿ ಮಾರಾಟ ತೆರಿಗೆಯನ್ನಾಗಲಿ ವಿಧಿಸುವಂತಿಲ್ಲ. ಆಸ್ತಿ ತೆರಿಗೆಯೇ ಅದರ ಮುಖ್ಯ ಆಧಾರ. ಜೊತೆಗೆ ಮನೆ ಕೊಳ್ಳುವಾಗ ತೆರುವ ಭೂ ವರ್ಗಾವಣೆ ತೆರಿಗೆ, ಬಸ್ಸು ರೈಲಿನ ಟಿಕೆಟ್ಟು, ಮೇಲಿನ ಸರ್ಕಾರಗಳ ಅನುದಾನ. ದೈನಂದಿನ ಖರ್ಚಿಗೆ ಸಾಲ ಮಾಡಲು ಕಾನೂನು ಬಿಡುವುದಿಲ್ಲ. ಆದ್ದರಿಂದಲೇ 2024ರಲ್ಲಿ ವಾಸದ ಮನೆಗಳ ಮೇಲಿನ ತೆರಿಗೆ ಶೇಕಡಾ 9.5ರಷ್ಟು ಏರಿದಾಗ ನಮ್ಮ ಮನೆಗಳಲ್ಲೂ ನಿಟ್ಟುಸಿರು ಕೇಳಿಬಂದಿತು. ಆ ತೆರಿಗೆಯ ಚೀಟಿಯಲ್ಲಿ ಶಿಕ್ಷಣದ ಹೆಸರಿನ ಒಂದು ಸಾಲಿರುತ್ತದೆ. ಅದರ ದರವನ್ನು ಗೊತ್ತುಮಾಡುವುದು ಪ್ರಾಂತ್ಯ. ನಗರ ಕೇವಲ ವಸೂಲಿ ಮಾಡಿಕೊಡುತ್ತದೆ, ಬೈಗುಳವನ್ನು ಮಾತ್ರ ತಾನೇ ಉಳಿಸಿಕೊಳ್ಳುತ್ತದೆ. ರೈಲಿನ ವಿಷಯವೂ ಹಾಗೆಯೇ. ಹೊಸ ಮಾರ್ಗಗಳನ್ನು ಕಟ್ಟಿಸುವುದು ಪ್ರಾಂತ್ಯದ ಮೆಟ್ರೋಲಿಂಕ್ಸ್, ನಗರದೊಳಗಿನ ಬಸ್ಸು ಸಬ್‌ವೇಗಳನ್ನು ಓಡಿಸುವುದು ನಗರದ ಟಿ.ಟಿ.ಸಿ.

ಇನ್ನು ಮತದಾನದ ಹಕ್ಕು ಯಾರಿಗೆ? ಕೆನಡಾದ ಪೌರತ್ವ, ಹದಿನೆಂಟು ವರ್ಷ, ಮತ್ತು ಟೊರಾಂಟೊದಲ್ಲಿ ವಾಸ. ಬೇರೆ ಊರಿನಲ್ಲಿದ್ದು ಇಲ್ಲಿ ಮನೆಯ ಒಡೆತನ ಅಥವಾ ಬಾಡಿಗೆ ಹಿಡಿದವರಿಗೂ, ಅವರ ಪತಿ ಅಥವಾ ಪತ್ನಿಗೂ ಮತವುಂಟು. ಮಿಸ್ಸಿಸಾಗಾದಲ್ಲಿ ವಾಸಿಸುತ್ತ ಟೊರಾಂಟೊದಲ್ಲೊಂದು ಕಾಂಡೋ ಕೊಂಡ ಪೌರನಿಗೆ ಎರಡು ಊರುಗಳಲ್ಲೂ ಮತ. ಆದರೆ ಹತ್ತು ವರ್ಷ ಇಲ್ಲೇ ಇದ್ದು ತೆರಿಗೆ ಕಟ್ಟಿದ ಖಾಯಂ ನಿವಾಸಿಗೆ ಒಂದೂ ಇಲ್ಲ. ಭಾರತ ಇಬ್ಬಗೆಯ ಪೌರತ್ವಕ್ಕೆ ಎಡೆಕೊಡದಿರುವುದರಿಂದ ನಮ್ಮಲ್ಲಿ ಅನೇಕರು ಹಳೆಯ ಪಾಸ್‌ಪೋರ್ಟನ್ನು ಬಿಡಲಾರದೆ ಈ ಗುಂಪಿನಲ್ಲಿಯೇ ಉಳಿದಿದ್ದಾರೆ. ಖಾಯಂ ನಿವಾಸಿಗಳಿಗೂ ನಗರ ಚುನಾವಣೆಯಲ್ಲಿ ಮತ ನೀಡಬೇಕೆಂದು ಪೌರಸಭೆಯೇ 2013ರಲ್ಲಿ ಪ್ರಾಂತ್ಯವನ್ನು ಕೋರಿತು. ಪ್ರಾಂತ್ಯ ಒಪ್ಪಲಿಲ್ಲ.

ಮತವಿಲ್ಲದವರಿಗೆ ಮಾತು ಮಾತ್ರ ಇದೆ. ಪೌರಸಭೆಯ ನಿರ್ಣಯಗಳಲ್ಲಿ ಹೆಚ್ಚಿನವು ಮೊದಲು ಸ್ಥಾಯಿ ಸಮಿತಿಗಳಲ್ಲಿ, ಇಲ್ಲವೇ ನಾಲ್ಕು ಸಮುದಾಯ ಮಂಡಲಿಗಳಲ್ಲಿ ಚರ್ಚೆಗೆ ಬರುತ್ತವೆ. ಅಲ್ಲಿ ಸಾರ್ವಜನಿಕರು ಮುಂಚಿತವಾಗಿ ಹೆಸರು ನೀಡಿ ಕೆಲವು ನಿಮಿಷ ಮಾತನಾಡಬಹುದು. ಪೌರತ್ವದ ಪತ್ರವನ್ನು ಯಾರೂ ಕೇಳುವುದಿಲ್ಲ. ಆದರೆ ಅದೇ ವಿಷಯ ಪೂರ್ಣ ಸಭೆಗೆ ಹೋದ ಮೇಲೆ ಸದಸ್ಯರಷ್ಟೇ ಮಾತನಾಡುತ್ತಾರೆ, ಉಳಿದವರು ಗ್ಯಾಲರಿಯಲ್ಲಿ ಕುಳಿತು ಕೇಳಬೇಕು. ಆದ್ದರಿಂದ ನಮ್ಮ ಬೀದಿಯ ಉದ್ಯಾನ, ಬಸ್ಸಿನ ಮಾರ್ಗ ಅಥವಾ ಸಭಾಭವನದ ಬಾಡಿಗೆಯ ಪ್ರಶ್ನೆಯಿದ್ದರೆ ಸಮಿತಿಯ ಹಂತದಲ್ಲಿಯೇ ಹೋಗಬೇಕು. ಯಾವ ಸಮಿತಿ, ಯಾವ ದಿನ ಎಂಬುದನ್ನು ನಗರದ ಗುಮಾಸ್ತರ ಕಚೇರಿ ಮೊದಲೇ ಪ್ರಕಟಿಸುತ್ತದೆ. ವಾರ್ಡಿನ ಸದಸ್ಯರು ಯಾರೆಂದು ತಿಳಿಯದವರು ದೂರವಾಣಿಯಲ್ಲಿ 311ನ್ನು ಒತ್ತಿ ಮನೆಯ ವಿಳಾಸ ಹೇಳಿದರೆ ಸಾಕು.