ತೋಟ ಕಾಯುವ ನಾಯಿಗೆ ಕೀಲುನೋವೇ? ಮನೆಯಲ್ಲಿ ಮಾಡಬಹುದಾದ್ದು, ಮಾಡಬಾರದ್ದು

ಎಂಟು-ಹತ್ತು ವರ್ಷ ತೋಟ ಕಾದ ನಾಯಿ ಈಗ ಬೆಳಗ್ಗೆ ಏಳೋಕೆ ಒದ್ದಾಡುತ್ತಾ? ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿ ಹೋಗುತ್ತಾ? ಹಾರಿ ಟ್ರೇಲರ್ ಹತ್ತುತ್ತಿದ್ದದ್ದು ಈಗ ಕೆಳಗೇ ನಿಂತು ನೋಡುತ್ತಾ? "ವಯಸ್ಸಾಯ್ತು ಬಿಡು" ಅಂತ ಸುಮ್ಮನಾಗಬೇಡಿ. ಇವು ಕೀಲು ಸವೆತದ ಲಕ್ಷಣಗಳು. ಸವೆದ ಕೀಲು ಮೊದಲಿನಂತಾಗಲ್ಲ, ಆದರೆ ನೋವು ಖಂಡಿತ ಕಡಿಮೆ ಮಾಡಬಹುದು.

ಮೊದಲು ಒಂದು ಮಾತು. ಕುಂಟೋದೆಲ್ಲ ಕೀಲು ಸವೆತ ಅಲ್ಲ. ಉಣ್ಣೆ ಕಚ್ಚಿ ಬರುವ ಜ್ವರದಲ್ಲೂ ಕೀಲು ಊದಿ ನಾಯಿ ಕುಂಟುತ್ತೆ. ಜ್ವರ ಇದ್ದರೆ, ಊಟ ಬಿಟ್ಟರೆ, ವಸಡು ಬಿಳಿಚಿದ್ದರೆ ಮನೆಮದ್ದು ಬೇಡ, ಸೀದಾ ಪಶುವೈದ್ಯರ ಹತ್ತಿರ ಹೋಗಿ.

ಮನೆಯಲ್ಲಿ ಮಾಡಬಹುದಾದ್ದು

1. ತೂಕ ಇಳಿಸಿ: ಇದೇ ಎಲ್ಲಕ್ಕಿಂತ ದೊಡ್ಡ ಮದ್ದು. ಪಕ್ಕೆ ಮೇಲೆ ಕೈ ಆಡಿಸಿದಾಗ ಎಲುಬು ಸುಲಭವಾಗಿ ಸಿಗಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೀವನಪೂರ್ತಿ ಗಮನಿಸಿದ ಒಂದು ಅಧ್ಯಯನದಲ್ಲಿ, ಶೇ. 25ರಷ್ಟು ಕಡಿಮೆ ತಿಂದ ನಾಯಿಗಳಿಗೆ ಕೀಲುಬೇನೆ ತಡವಾಗಿ ಬಂತು, ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು.

2. ಬೆಚ್ಚಗಿನ ಹಾಸಿಗೆ: ತಣ್ಣನೆ ಸಿಮೆಂಟ್ ನೆಲದಲ್ಲಿ ಮಲಗಿಸಬೇಡಿ. ಒಣಹುಲ್ಲು ಹರಡಿ, ಮೇಲೆ ಎರಡು ಗೋಣಿಚೀಲ ಹಾಕಿ. ಮಳೆ ಎರಚಲು ತಾಗದಿರಲಿ.

3. ಬಿಸಿ ಶಾಖ: ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಮೊದಲು ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ. ಸುಡದಿದ್ದರೆ ಕೀಲಿನ ಮೇಲೆ 10-15 ನಿಮಿಷ, ದಿನಕ್ಕೆ ಎರಡು ಸಲ ಇಡಿ. ಹೊಸ ಪೆಟ್ಟಾಗಿ ಊದಿದ್ದರೆ ಮಾತ್ರ ಬಿಸಿ ಬೇಡ.

4. ನಿಧಾನ ನಡಿಗೆ: ಪೂರ್ತಿ ಕಟ್ಟಿ ಹಾಕಿದರೆ ಕೀಲು ಇನ್ನೂ ಬಿಗಿಯುತ್ತೆ. ದಿನಕ್ಕೆ ಎರಡು-ಮೂರು ಸಲ, 10 ನಿಮಿಷ ಮೆತ್ತನೆ ಮಣ್ಣಲ್ಲಿ ನಡೆಸಿ. ಬೈಕ್ ಹಿಂದೆ ಓಡಿಸೋದು ಬೇಡ. ಬೆಳೆದ ಉಗುರು ಕತ್ತರಿಸಿ.

5. ಮೀನು: ಬೂತಾಯಿ, ಬಂಗುಡೆಯಲ್ಲಿರುವ ಒಮೆಗಾ-3 ಕೊಬ್ಬು ಉರಿಯೂತ ತಗ್ಗಿಸುತ್ತೆ. ಉಪ್ಪು-ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ವಾರಕ್ಕೆ ಎರಡು ಸಲ ಕೊಡಿ. ಗುಣ ಕಾಣೋಕೆ ಕೆಲವು ವಾರ ಬೇಕು.

ಅರಿಸಿನ ಕೊಡಬಹುದಾ? ಊಟದಲ್ಲಿ ಒಂದು ಚಿಟಿಕೆ ಹಾಕಿದರೆ ತೊಂದರೆಯಿಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ, ನಾಯಿಗಳಲ್ಲಿ ಅದರ ಗುಣಕ್ಕೆ ಗಟ್ಟಿ ಆಧಾರ ಇಲ್ಲ.

ಮಾಡಲೇಬಾರದ್ದು

- ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಕೊಡಬೇಡಿ. ಲಿವರ್, ಕಿಡ್ನಿ, ಹೊಟ್ಟೆ ಹಾಳಾಗಿ ನಾಯಿ ಸಾಯಬಹುದು.
- ನೀಲಗಿರಿ ಎಣ್ಣೆ, ಕರ್ಪೂರ, ನೋವಿನ ಬಾಮ್ ಹಚ್ಚಬೇಡಿ. ನಾಯಿ ನೆಕ್ಕುತ್ತೆ, ಅದು ವಿಷ.
- ಮದ್ದು ಅಂತ ಬೆಳ್ಳುಳ್ಳಿ, ಈರುಳ್ಳಿ ತಿನ್ನಿಸಬೇಡಿ. ರಕ್ತಕಣ ಒಡೆಯುತ್ತೆ.

ಡಾಕ್ಟರ್ ಯಾವಾಗ?

ಕಾಲು ನೆಲಕ್ಕೆ ಊರದಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ ತಡ ಮಾಡಬೇಡಿ. ಉಳಿದಂತೆ ಎರಡು ವಾರದಲ್ಲಿ ಸುಧಾರಣೆ ಕಾಣದಿದ್ದರೂ ತೋರಿಸಿ. ನಾಯಿಗೆಂದೇ ಸುರಕ್ಷಿತ ನೋವಿನ ಔಷಧಿಗಳಿವೆ. ಆಸ್ಪತ್ರೆಗೆ ಹೋದಾಗ ಗಾಬರಿಗೆ ನಾಯಿ ಕುಂಟೋದನ್ನೇ ಮರೆಯಬಹುದು. ಅದಕ್ಕೆ ಬೆಳಗ್ಗೆ ಏಳುವಾಗ, ನಡೆಯುವಾಗ ಮೊಬೈಲಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ. ಡಾಕ್ಟರಿಗೆ ಅದೇ ದೊಡ್ಡ ಸಹಾಯ.

ಇವತ್ತು ಸಂಜೆಯೇ ಒಂದು ಗೋಣಿಚೀಲ ಹಾಸಿ ಶುರು ಮಾಡಿ.