ದಿನಕ್ಕೆ 12 ಗಂಟೆ, ವಾರಕ್ಕೆ 3 ರಜೆ: ಸಹಿ ಹಾಕೋಕೆ ಮುಂಚೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಫ್ಯಾಕ್ಟರಿ ಕೆಲಸಕ್ಕೆ ಬಸ್ ಹತ್ತೋರಿಗೆ ಈ ಎಪಿಸೋಡ್.

2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂತು. ವಿರಾಮ ಸೇರಿ ದಿನಕ್ಕೆ 12 ಗಂಟೆವರೆಗೆ ಕೆಲಸಕ್ಕೆ ಅದು ಅವಕಾಶ ಕೊಟ್ಟಿತ್ತು, ಆದ್ರೆ ವಾರಕ್ಕೆ 48 ದಾಟುವಂತಿರಲಿಲ್ಲ. ಅಂದ್ರೆ ನಾಲ್ಕು ದಿನ ದುಡಿಮೆ, ಉಳಿದದ್ದು ಸಂಬಳದ ರಜೆ.

ನಾನು ಬಿ.ಕಾಂ. ಅಲ್ವಾ, ಲೆಕ್ಕ ಹಾಕ್ದೆ. ಕೆ.ಆರ್. ಪೇಟೆಯಿಂದ ಮೈಸೂರಿಗೆ ಹೋಗಿ ಬರೋಕೆ ಮೂರು ಗಂಟೆ ಅಂತಿಟ್ಕೊಳ್ಳಿ. ವಾರಕ್ಕೆ ಎರಡು ಓಡಾಟ ತಪ್ಪಿ ಆರು ಗಂಟೆ ಉಳೀತು. ಆದ್ರೆ ಆ ನಾಲ್ಕು ದಿನ 15 ಗಂಟೆ ಮನೆಯಿಂದ ಹೊರಗೆ. ಗದ್ದೆ ಇರೋರಿಗೆ ಮೂರು ದಿನ ರಜೆ ಲಾಭಾನೇ. ಗಾರ್ಮೆಂಟ್ಸಲ್ಲಿ ದುಡಿಯೋ, ಮನೇಲಿ ಚಿಕ್ಕ ಮಗು ಇರೋ ತಾಯಿಗೆ? ನನಗಂತೂ ಅನುಮಾನ.

ಆ ತಿದ್ದುಪಡಿಯಲ್ಲೇ ಇನ್ನೊಂದು ಮಾತಿತ್ತು: ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ರಜೆ ದಿನ ಕರೆಸಿದ್ರೆ ಅದು ಓಟಿ, ಡಬಲ್ ಸಂಬಳ. ಎಚ್‌ಆರ್‌ನೋರು ಪೇಪರ್ ಕೊಟ್ರೆ ಫೋಟೋ ತೆಗ್ದಿಟ್ಕೊಳ್ಳಿ, ಮನೇಲಿ ಓದಿ, ಆಮೇಲೆ ಸಹಿ.