ದೈವಭಕ್ತಿಯೂ ಬಳಲಿದ ಮನಸ್ಸೂ

ಬೀದರ್ ತಾಲ್ಲೂಕಿನ ಮನ್ನಳ್ಳಿಯಿಂದ ಹಿಡಿದು ಭಾಲ್ಕಿ, ಔರಾದಿನವರೆಗೆ ದೇವರ ಹೆಸರು ಕಿವಿಗೆ ಬೀಳದ ದಿನವೇ ಇಲ್ಲ. ನರಸಿಂಹ ಝರಣಿಯ ನೀರಿನಲ್ಲಿ ಎದೆಮಟ್ಟ ಇಳಿದು ಗುಹೆಯೊಳಗೆ ನಡೆಯುವ ಭಕ್ತರು, ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು, ಅಷ್ಟೂರಿನ ಅಹಮದ್ ಶಾಹ ವಲಿಯ ಸಮಾಧಿಗೆ ನಡೆದುಕೊಳ್ಳುವ ಹಿಂದೂ ಮುಸಲ್ಮಾನರು, ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಹೊರಡುವ ಮೆಥೋಡಿಸ್ಟರು, ಅವರ ನಡುವೆ ಚಿಕ್ಕ ಹಿಂಡಿನಂತಿರುವ ನಾವು ಕಥೋಲಿಕರು. ಹೀಗೆ ಭಕ್ತಿಗೆ ಬರವಿಲ್ಲದ ಜಿಲ್ಲೆ ನಮ್ಮದು.

ಇದೇ ಜಿಲ್ಲೆ 1998ರಲ್ಲಿ ಬೇರೊಂದು ಕಾರಣಕ್ಕಾಗಿ ನಾಡಿನ ಗಮನ ಸೆಳೆಯಿತು. ಬೆಳೆ ಕೈಕೊಟ್ಟು, ಸಾಲ ಹೆಗಲೇರಿ, ರೈತರು ಒಬ್ಬರ ನಂತರ ಒಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿಯವರು 1999ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬೀದರಿನ ಈ ಸಂಕಟವನ್ನು ಕುರಿತು ವಿವರವಾಗಿ ಬರೆದರು. ಮಾರುಕಟ್ಟೆ ಮತ್ತು ಸರ್ಕಾರಗಳ ಪಾತ್ರದ ಜೊತೆಗೆ, ಒಂದು ಕಾಲಕ್ಕೆ ಊರೆಲ್ಲ ಕೂಡಿ ಮಾಡುತ್ತಿದ್ದ ಒಕ್ಕಲುತನವು ಒಬ್ಬೊಬ್ಬನ ಒಂಟಿ ಸಾಹಸವಾಗಿ ಮಾರ್ಪಟ್ಟದ್ದನ್ನೂ ಅವರ ಬರಹಗಳು ಎತ್ತಿ ತೋರಿಸಿವೆ.

ನಮ್ಮ ಹಳ್ಳಿಗಳಲ್ಲಿ ದೇವರನ್ನು ನಂಬದ ಮನೆಗಳು ವಿರಳ. ಹಾಗಿರುವಾಗ ಆ ನಂಬಿಕೆ ಅವರನ್ನು ಏಕೆ ಹಿಡಿದು ನಿಲ್ಲಿಸಲಿಲ್ಲ? ದೈವಭಕ್ತಿ ಮನಸ್ಸನ್ನು ಕಾಯುತ್ತದೆಯೇ, ಇಲ್ಲವೇ? ಇದು ಬರಿಯ ಪಂಡಿತರ ಪ್ರಶ್ನೆಯಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲಿ ಡರ್ಕಹೈಮ್ 1897ರಲ್ಲಿ ಆತ್ಮಹತ್ಯೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಯೂರೋಪಿನ ಕಥೋಲಿಕರಲ್ಲಿ ಆತ್ಮಹತ್ಯೆಗಳು ಪ್ರೊಟೆಸ್ಟಂಟರಲ್ಲಿದ್ದುದಕ್ಕಿಂತ ಕಡಿಮೆಯೆಂದು ತೋರಿಸಿದ. ಇದನ್ನು ಓದಿ ನಾವು ಹಿಗ್ಗುವ ಮೊದಲು ಆತ ಕೊಟ್ಟ ಕಾರಣವನ್ನು ಗಮನಿಸಬೇಕು. ಎರಡೂ ಪಂಗಡಗಳ ಬೋಧನೆ ಆತ್ಮಹತ್ಯೆಯನ್ನು ಸಮನಾಗಿಯೇ ಖಂಡಿಸುತ್ತದೆ. ಕಾಯುವುದು ಬೋಧನೆಯಲ್ಲ, ಜನರನ್ನು ಒಬ್ಬರಿಗೊಬ್ಬರನ್ನು ಕಟ್ಟಿಹಾಕುವ ಸಾಮೂಹಿಕ ಜೀವನದ ಬಿಗಿ ಎಂಬುದು ಆತನ ವಾದ. ಅವಮಾನಕ್ಕೆ ಅಂಜಿದ ಕಥೋಲಿಕ ಊರುಗಳು ಇಂತಹ ಸಾವನ್ನು ಬೇರೆ ಹೆಸರಿನಲ್ಲಿ ಬರೆಸಿರಬಹುದೆಂದು ಅನಂತರದ ವಿದ್ವಾಂಸರು ಆತನ ಲೆಕ್ಕವನ್ನು ಸಂದೇಹಿಸಿದ್ದೂ ಉಂಟು. ಆ ಸಂದೇಹ ನಿರಾಧಾರವೆನ್ನಲು ನಮಗೆ ಧೈರ್ಯ ಸಾಲದು. ಮುಚ್ಚಿಡುವ ವಿದ್ಯೆಯನ್ನು ನಾವೂ ಬಲ್ಲೆವು.

2016ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಟೈಲರ್ ವ್ಯಾಂಡರ್‌ವೀಲ್ ಮತ್ತು ಸಂಗಡಿಗರು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ಮುಂದಿಟ್ಟರು. ಅಮೆರಿಕದ 89,708 ದಾದಿಯರ ಜೀವನವನ್ನು 1996ರಿಂದ 2010ರವರೆಗೆ ಪರಿಶೀಲಿಸಿದಾಗ, ವಾರಕ್ಕೊಮ್ಮೆಯಾದರೂ ದೇವಾರಾಧನೆಯಲ್ಲಿ ಭಾಗವಹಿಸುತ್ತಿದ್ದವರಲ್ಲಿ ಆತ್ಮಹತ್ಯೆಯ ಪ್ರಮಾಣ, ಎಂದೂ ಭಾಗವಹಿಸದವರಲ್ಲಿ ಇದ್ದುದರ ಸುಮಾರು ಐದನೆಯ ಒಂದು ಪಾಲು ಮಾತ್ರ ಇತ್ತು. ಅಮೆರಿಕದ ದಾದಿಯರಿಗೆ ಒಪ್ಪಿದ್ದು ಔರಾದಿನ ಒಕ್ಕಲಿಗನಿಗೆ ಹಾಗೆಯೇ ಒಪ್ಪುತ್ತದೆಂದು ಹೇಳಲಾಗದು. ಆದರೂ ಒಂದು ವಿಷಯ ಗಮನಾರ್ಹ: ಇಂತಹ ಅಧ್ಯಯನಗಳಲ್ಲಿ ಏಕಾಂತ ಪ್ರಾರ್ಥನೆಗಿಂತ ಹತ್ತು ಜನರೊಡನೆ ಕೂಡುವುದರ ಫಲವೇ ಹೆಚ್ಚು ಸ್ಪಷ್ಟವಾಗಿ ಕಂಡುಬಂದಿದೆ. ಇದು ನಮ್ಮ ಭಾಗದವರಿಗೆ ಹೊಸ ಮಾತಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಭಜ್ಜಿ, ರೊಟ್ಟಿ, ಅಂಬಲಿಯ ಊಟಕ್ಕೆ ನೆರೆಹೊರೆಯವರನ್ನೂ ಪೇಟೆಯ ಗೆಳೆಯರನ್ನೂ ಒತ್ತಾಯದಿಂದ ಕರೆತರುವ ರೈತನಿಗೆ ಇದನ್ನು ಹಾರ್ವರ್ಡಿನವರು ಕಲಿಸಬೇಕಾಗಿಲ್ಲ.

ಹಾಗಾದರೆ ಪೂಜೆಗೆ ಸೇರಿದರೆ ಸಾಕೇ? 1973ರಲ್ಲಿ ಪ್ರಕಟವಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅವರ ಪ್ರಯೋಗವೊಂದು ಈ ನೆಮ್ಮದಿಗೂ ಅಡ್ಡಬರುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ದೈವಶಾಸ್ತ್ರ ಗುರುಮಠದ 40 ಮಂದಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಪಕ್ಕದ ಕಟ್ಟಡಕ್ಕೆ ಉಪನ್ಯಾಸಕ್ಕೆಂದು ಕಳುಹಿಸಲಾಯಿತು. ಅವರಲ್ಲಿ ಕೆಲವರ ಉಪನ್ಯಾಸದ ವಿಷಯ ದಯಾಳು ಸಮಾರ್ಯದವನ ಸಾಮತಿ. ದಾರಿಯಲ್ಲಿ ಒಬ್ಬನು ಬಾಗಿಲ ಬಳಿ ಕುಸಿದು ಕುಳಿತು ಕೆಮ್ಮುತ್ತಿದ್ದ. ಸಮಯವಿದ್ದವರಲ್ಲಿ ಶೇಕಡ 63 ಮಂದಿ ಅವನಿಗೆ ನೆರವಾದರು. ತಡವಾಗಿದೆ, ಬೇಗ ಹೋಗಿ ಎಂದು ಅವಸರಪಡಿಸಲ್ಪಟ್ಟವರಲ್ಲಿ ಶೇಕಡ 10 ಮಂದಿ ಮಾತ್ರ. ಸಮಾರ್ಯದವನ ಕಥೆಯನ್ನು ಮನಸ್ಸಿನಲ್ಲಿ ಹೊತ್ತು ಹೊರಟಿದ್ದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ. ಇದನ್ನು ಓದುವಾಗ ನಮ್ಮ ಭಾನುವಾರಗಳು ನೆನಪಾಗದೆ ಇರವು. ಬಲಿಪೂಜೆ ಮುಗಿದೊಡನೆ ಬಸ್ಸಿಗೆ ಓಡುವ ನಾವು, ಪ್ರತಿವಾರ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು ಒಂದು ತಿಂಗಳಿನಿಂದ ಏಕೆ ಬಂದಿಲ್ಲವೆಂದು ಕೇಳುತ್ತೇವೆಯೇ? ಮನಸ್ಸು ಕುಸಿದವನು ಮೊದಲು ಮಾಡುವ ಕೆಲಸವೇ ಬರುವುದನ್ನು ನಿಲ್ಲಿಸುವುದು.

ಇನ್ನು ಭಕ್ತಿಯೇ ಹೊರೆಯಾಗುವ ಸಂದರ್ಭವೂ ಉಂಟು. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಹೋದ್ಯೋಗಿಗಳು ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ 596 ಮಂದಿ ಹಿರಿಯರನ್ನು ಎರಡು ವರ್ಷ ಗಮನಿಸಿ 2001ರಲ್ಲಿ ವರದಿ ಪ್ರಕಟಿಸಿದರು. ದೇವರು ನನ್ನನ್ನು ಕೈಬಿಟ್ಟನೇ, ಆತನಿಗೆ ನನ್ನ ಮೇಲೆ ಪ್ರೀತಿಯಿಲ್ಲವೇ, ಇದು ಸೈತಾನನ ಕೆಲಸವೇ ಎಂದು ಕೊರಗುತ್ತಿದ್ದವರಲ್ಲಿ ಸಾವಿನ ಅಪಾಯ ಶೇಕಡ 19ರಿಂದ 28ರಷ್ಟು ಹೆಚ್ಚಾಗಿತ್ತು. ಈ ಕೊರಗು ಎಲ್ಲಿಂದ ಬರುತ್ತದೆ? ಹಲವು ವೇಳೆ ನಮ್ಮ ಬಾಯಿಂದಲೇ. "ನಿನ್ನ ವಿಶ್ವಾಸ ಸಾಲದು", "ಜಪಸರ ಬಿಟ್ಟೆ, ಅದಕ್ಕೇ ಹೀಗಾಯಿತು", "ದೇವರು ಪರೀಕ್ಷಿಸುತ್ತಿದ್ದಾನೆ" ಎಂದು ಸಾಲಗಾರನಿಗೂ ರೋಗಿಗೂ ಉಪದೇಶಿಸುವವರು ಎಲ್ಲ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಬಳಿ ನೆಲದ ಮೇಲೆ ಕುಳಿತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆ.

ಪ್ರವಾದಿ ಎಲೀಯನ ಪ್ರಸಂಗ ಇದಕ್ಕೆ ವಿರುದ್ಧವಾದುದು. ಕಾರ್ಮೆಲ್ ಬೆಟ್ಟದ ಮೇಲೆ ಜಯಗಳಿಸಿದ ಆ ಮಹಾಭಕ್ತನೇ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡಿಕೊಂಡ. ದೇವದೂತ ಅವನನ್ನು ಗದರಿಸಲಿಲ್ಲ, ವಿಶ್ವಾಸದ ಪಾಠ ಹೇಳಲಿಲ್ಲ. ಅವನನ್ನು ಮುಟ್ಟಿ ಎಬ್ಬಿಸಿ ರೊಟ್ಟಿ ಮತ್ತು ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟ. ದೇವರ ಮಾತು ಅವನಿಗೆ ಕೇಳಿಸಿದ್ದು ಎಷ್ಟೋ ದಿನಗಳ ಮೇಲೆ. ಗಾಢ ವಿಷಾದವು ವಿಶ್ವಾಸದ ಕೊರತೆಯ ಗುರುತಲ್ಲವೆಂಬುದಕ್ಕೆ ಪವಿತ್ರ ಗ್ರಂಥದಲ್ಲಿ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ನಮ್ಮ ದೇಶದ ಅನುಭವವೂ ಎರಡು ಬಗೆಯದು. ತಮಿಳುನಾಡಿನ ಒಂದು ದೇಗುಲದಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ಪರಿಶೀಲಿಸಿದರು. ಔಷಧವಿಲ್ಲದೆ, ಬೆಳಗಿನ ಸರಳ ಪೂಜೆ, ಸಣ್ಣಪುಟ್ಟ ಕೆಲಸ, ಜೊತೆಯಲ್ಲಿಯೇ ಉಳಿದ ಒಬ್ಬ ಬಂಧು, ಇಷ್ಟರಿಂದಲೇ ಸರಾಸರಿ ಆರು ವಾರಗಳಲ್ಲಿ ರೋಗಲಕ್ಷಣಗಳು ಶೇಕಡ 20ರ ಸಮೀಪ ತಗ್ಗಿದವೆಂದು 2002ರಲ್ಲಿ ವರದಿ ಮಾಡಿದರು. ಅದೇ ರಾಜ್ಯದ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಒಂದು ಆಶ್ರಯತಾಣದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿಯಲ್ಪಟ್ಟಿದ್ದ 28 ಮಂದಿ ಓಡಲಾಗದೆ ಸತ್ತರು. ಎರಡೂ ಕಡೆ ಜನರನ್ನು ಕರೆತಂದದ್ದು ಭಕ್ತಿಯೇ. ಒಂದು ಕಡೆ ಬಂಧು ಪಕ್ಕದಲ್ಲಿದ್ದ. ಇನ್ನೊಂದು ಕಡೆ ಇದ್ದುದು ಸರಪಳಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ.

ಪ್ರಾರ್ಥನೆ ವೈದ್ಯನಿಗೆ ಪ್ರತಿಸ್ಪರ್ಧಿಯಲ್ಲ, ಸಾಲಕ್ಕೆ ಪರಿಹಾರವೂ ಅಲ್ಲ. 1985ರಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಡೆಸಿ, ಸಾಮಾನ್ಯ ವೈದ್ಯರೂ ಇಂತಹ ರೋಗಿಗಳಿಗೆ ಚಿಕಿತ್ಸೆ ನೀಡಬಲ್ಲರೆಂದು ತೋರಿಸಿತು. ಅದು ಮುಂದೆ ದೇಶಕ್ಕೇ ಮಾದರಿಯಾಯಿತು. ಇಂದು ಬೀದರ್ ನಗರದ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ದೇವಾಲಯದ ಸೂಚನಾ ಫಲಕದಲ್ಲಿ ಬರೆದು ಹಾಕಲು ಯಾರ ಅಪ್ಪಣೆಯೂ ಬೇಕಾಗಲಾರದು.

ಕೊನೆಯದಾಗಿ, ಉಳಿದವರನ್ನು ಕುರಿತು ಒಂದು ಮಾತು. 1917ರ ಧರ್ಮಸಭಾ ಕಾನೂನು ಸಂಹಿತೆಯು ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು, ಆ ಕೃತ್ಯವನ್ನು ತಪ್ಪೆಂದೇ ಬೋಧಿಸುತ್ತ, ತೀವ್ರವಾದ ಮಾನಸಿಕ ವ್ಯಥೆ ಮತ್ತು ಭಯಗಳು ಹೊಣೆಗಾರಿಕೆಯನ್ನು ತಗ್ಗಿಸುತ್ತವೆಂದೂ, ಅಂಥವರ ನಿತ್ಯರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದೆಂದೂ ತಿಳಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಆದರೂ ಹಳೆಯ ನಿಷೇಧವೇ ಇನ್ನೂ ಜಾರಿಯಲ್ಲಿದೆಯೆಂದು ತಿಳಿದು, ಸತ್ತವನ ಹೆಸರನ್ನು ಬಾಯಿಬಿಟ್ಟು ಹೇಳಲು ಅಂಜುವ ತಾಯಂದಿರಿದ್ದಾರೆ. ನವೆಂಬರ್ ತಿಂಗಳಿನಲ್ಲಿ ಮೃತರ ಆತ್ಮಗಳಿಗಾಗಿ ಬಲಿಪೂಜೆ ಅರ್ಪಿಸಲು ಹೆಸರುಗಳನ್ನು ಬರೆದುಕೊಡುವಾಗ ಆ ಹೆಸರನ್ನೂ ಬರೆಯಬಹುದು. ಇದನ್ನು ಆ ತಾಯಿಗೆ ಗುರುಗಳೇ ಬಂದು ಹೇಳಲೆಂದು ಕಾಯಬೇಕಾಗಿಲ್ಲ; ಪಕ್ಕದ ಮನೆಯವರೂ ಹೋಗಿ ಹೇಳಬಹುದು.